ಅಪ್ಪನ ಅಳತೆಯ ಕೌದಿ

ಅವ್ವನಿಗೆ ಅಳತೆ ತಪ್ಪಿದ್ದು ಜೀವಮಾನದಲ್ಲಿ ಒಮ್ಮೆ ಮಾತ್ರ. ಅದೂ ಸ್ವಂತ ಗಂಡನದು.

ಭೀಮೆಯ ದಂಡೆಯ ನಮ್ಮೂರಲ್ಲಿ ಅಪ್ಪ ಗೌಡರ ಮನೆಗೆ ಜೀತಕ್ಕಿದ್ದ. ನಮ್ಮ ಮನೆ ಕೂಗಳತೆಯಲ್ಲಿದ್ದರೂ ಮಲಗುವುದು ಅವರ ದನದ ಕೊಟ್ಟಿಗೆಯಲ್ಲೇ. ಮೇವಿಗೆಂದು ಜೋಳದ ಕಣಕಿ ಒಟ್ಟಿದ ಮೂಲೆಗೂ ಎತ್ತುಗಳಿಗೂ ನಡುವೆ ಗೋಣಿತಟ್ಟು ಹಾಸುವಷ್ಟು ಜಾಗ. ಕಾಲು ಚಾಚಿದರೆ ಎತ್ತಿನ ಗೊರಸಿಗೆ ಸಿಗುತ್ತಿದ್ದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಿದವನೆಂದರೆ ನಮ್ಮಪ್ಪನೇ. "ನಮ್ಮ ಆಳು ಮನಿ ಮಗ ಇದ್ದಂಗ" ಎಂದು ಗೌಡರು ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು. ಅವರ ಹೆತ್ತ ಮಕ್ಕಳು ಮಾತ್ರ ಅದೇಕೋ ಮಂಚದ ಮೇಲೆಯೇ ಮಲಗುತ್ತಿದ್ದರು. ಚಳಿಯಾದರೆ ಎತ್ತಿಗೆ ಗೋಣಿ ಹೊದಿಸಲು ಅಪ್ಪನಿದ್ದ. ಅಪ್ಪನಿಗೆ ಹೊದಿಸಲು ಪಾಪ, ಎತ್ತಿಗೆ ಕೈ ಇರಲಿಲ್ಲ.

ಜೀತ ರದ್ದಾಗಿದೆ ಎಂಬ ಸುದ್ದಿ ನಮ್ಮೂರಿಗೆ ಮುಟ್ಟಲು ವರ್ಷಗಳೇ ಹಿಡಿದವು. ತಾಲೂಕು ಕೇಂದ್ರ ಅಫಜಲಪುರದಿಂದ ಕುಂಟೆತ್ತಿನ ಗಾಡಿಯಲ್ಲಿ ಹೊರಟಿದ್ದರೂ ಅಷ್ಟು ತಡವಾಗುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಅಪ್ಪ ಮನೆಗೇ ಬರುತ್ತಾನೆಂದು ಗೊತ್ತಾಗಿದ್ದೇ ತಡ, ಅವ್ವ ಹಳೆ ಸೀರೆಗಳನ್ನು ತೆಗೆದು ಕೌದಿ ಹೊಲಿಯಲು ಕೂತಳು. ಗಂಡ ತನ್ನ ಮನೆಯಲ್ಲಿ ಯಜಮಾನನ ಹಾಗೆ ನಿದ್ದೆ ಮಾಡಬೇಕು, ಅದೊಂದೇ ಅವಳ ಹಟ.

ಹಬ್ಬಕ್ಕೆ ಬಂದಾಗ ಅವನು ಮಲಗಿದ್ದನ್ನು ನೋಡಿಟ್ಟುಕೊಂಡಿದ್ದಳಲ್ಲ, ಅದೇ ಅಳತೆ.

"ಅವ್ವಾ, ಗಿಡ್ಡ ಆತಲ್ಲ" ಎಂದೆ.

"ನಿಮ್ಮಪ್ಪ ಮಲಗಿದ್ರ ಇಷ್ಟ ಇರ್ತಾರ. ನೀ ಸುಮ್ನ ಸೂಜಿಗೆ ದಾರ ಪೋಣಿಸಬೇ" ಎಂದಳು.

ಅಪ್ಪ ಬಂದ. ನಿದ್ದೆ ಮಾತ್ರ ಕೊಟ್ಟಿಗೆಯದೇ. ಬಾಗಿಲ ಬಳಿ, ಮೊಣಕಾಲು ಗದ್ದಕ್ಕೆ ಹಚ್ಚಿ ಮಲಗುತ್ತಿದ್ದ. ಕೌದಿ ಸರಿಯಾಗಿ ಹಿಡಿಯಿತು. ಅವ್ವ ಗೆದ್ದವಳಂತೆ ನನ್ನ ಕಡೆ ನೋಡಿದಳು. ಕೋಳಿ ಕೂಗುವ ಮೊದಲೇ ಅವನು ಎದ್ದು ಕಣಕಿ ಹುಡುಕುತ್ತಿದ್ದ.

"ಇಲ್ಲಿ ಎತ್ತಿಲ್ರಿ, ನಾನು ಅದೇನಿ. ನನಗ ಕಣಕಿ ಬ್ಯಾಡ, ಮಲಗ್ರಿ" ಎಂದು ಅವ್ವ ಮಲಗಿದಲ್ಲಿಂದಲೇ ಗದರುತ್ತಿದ್ದಳು.

ಅಪ್ಪ ನಾಚಿ ಕೂರುತ್ತಿದ್ದ, ಮಲಗುತ್ತಿರಲಿಲ್ಲ. ಅವ್ವ ನಗುತ್ತಿದ್ದಳು, ಆದರೆ ಒಳಗೆ ಹೆದರಿದ್ದಳು. ಗೌಡರು ಬಿಟ್ಟರೂ ಕೊಟ್ಟಿಗೆ ಇವನನ್ನು ಬಿಡುವುದಿಲ್ಲವೇನೋ ಎಂದು ನೆರೆಯವಳ ಮುಂದೆ ಹೇಳಿ ಅತ್ತದ್ದನ್ನು ನಾನೇ ಕೇಳಿದ್ದೇನೆ.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ನಾನು ಎದ್ದಾಗ ಬಿಸಿಲು ಹೊಸ್ತಿಲಿಗೆ ಬಂದಿತ್ತು. ಅಪ್ಪ ಇನ್ನೂ ಮಲಗಿದ್ದ. ಅಂಗಾತ, ಗೊರಕೆ ಹೊಡೆಯುತ್ತ. ಕೌದಿ ಮೊಣಕಾಲಿಗೇ ಮುಗಿದು, ಬಿರುಕು ಬಿಟ್ಟ ಹಿಮ್ಮಡಿಗಳು ಎದುರಿನ ಗೋಡೆ ಮುಟ್ಟಿದ್ದವು. ನಿಂತಾಗ ಅಪ್ಪ ಉದ್ದವೆಂದು ಊರಿಗೆಲ್ಲ ಗೊತ್ತಿತ್ತು. ಮಲಗಿದಾಗಲೂ ಅಷ್ಟೇ ಉದ್ದವಿರಬಹುದೆಂದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವ್ವ ತುಟಿಗೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿದಳು. ಟ್ರಂಕಿನಿಂದ ತನ್ನ ಮದುವೆ ಸೀರೆ ತೆಗೆದಳು. ಹರಿಯುವ ಸದ್ದಿಗೆ ಅವನಿಗೆ ಎಚ್ಚರವಾದೀತೆಂದು ಅಂಗಳದಾಚೆ ಹೋಗಿ ಅದರ ಸೆರಗು ಹರಿದುಕೊಂಡು ಬಂದಳು.

ಅಷ್ಟರಲ್ಲಿ ಅಪ್ಪ ಗಾಬರಿಯಿಂದ ಎದ್ದು ಕೂತಿದ್ದ. "ಹೊತ್ತೇರೇದಲ್ಲಬೇ! ಎಬ್ಬಸಬಾರದೇನು?"

"ಎಬ್ಬಸಾಕ ನಾನೇನ್ ಗೌಡ್ರೇನ್ರಿ?" ಎಂದಳು ಅವ್ವ, ಕಣ್ಣೊರೆಸಿಕೊಳ್ಳುತ್ತ. "ಮಲಗ್ರಿ. ಕಾಲು ಮಡಚಬ್ಯಾಡ್ರಿ, ಅಳತಿ ತಗೊಳ್ಳಾಕತ್ತೇನಿ."