ಫೈಲಿಗೊಂದು ಗೇಟ್ ಪಾಸ್

ಕಳೆದ ವಾರ ಹೊಸೂರು ಬಸ್ ನಿಲ್ದಾಣದ ಬಳಿಯ ಕೊರಿಯರ್ ಅಂಗಡಿಗೆ ಒಂದು ಪೆನ್ ಡ್ರೈವ್ ಕಳಿಸಲು ಹೋಗಿದ್ದೆ. ಅದರಲ್ಲಿ ತಂಗಿಯ ಮದುವೆಯ ಫೋಟೋಗಳಿದ್ದವು. ಮನೆಯ ಇಂಟರ್‌ನೆಟ್ಟಿನಲ್ಲಿ ಕಳಿಸುತ್ತ ಕೂತಿದ್ದರೆ ಅವಳ ಮಗುವಿನ ನಾಮಕರಣದ ಹೊತ್ತಿಗೆ ಅವು ಧಾರವಾಡದ ಚಿಕ್ಕಮ್ಮನ ಮನೆ ಮುಟ್ಟುತ್ತಿದ್ದವು. ಅಂಗಡಿಯವನು ರಸೀದಿ ಪುಸ್ತಕದ ಎರಡು ಹಾಳೆಗಳ ನಡುವೆ ನೀಲಿ ಕಾರ್ಬನ್ ಇಟ್ಟು ಅಂಗೈಯಿಂದ ಸವರಿದ. ಆಗ ಆ ವಾಸನೆ ಬಂತು. ಮೇಣಕ್ಕೂ ಸೀಮೆಎಣ್ಣೆಗೂ ಹುಟ್ಟಿದ ಕೂಸಿನಂಥ ವಾಸನೆ...

"ಒಳಗೇನೈತೆ ಮೇಡಂ?"

"ಫೈಲು. ಕಂಪ್ಯೂಟರ್ ಫೈಲು."

ಅವನು ತಲೆಯಾಡಿಸಿ ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟ. ತೂಕದ ಕಲಂ ತುಂಬಬೇಕಿತ್ತು. ನನಗೆ ತಡೆಯಲಾರದಷ್ಟು ನಗು ಬಂತು. ತನ್ನ ತಕ್ಕಡಿಯನ್ನು ಅನುಮಾನಿಸುತ್ತಿದ್ದೇನೆಂದು ಅವನು ಮುಖ ಗಂಟು ಹಾಕಿಕೊಂಡ. ಅವನ ತಕ್ಕಡಿ ಸರಿಯಾಗಿಯೇ ಇತ್ತು. ಕಂಪ್ಯೂಟರ್ ಫೈಲಿನ ತೂಕ ಬರೆದ ಇನ್ನೊಬ್ಬರು ನನಗೆ ನೆನಪಾಗಿದ್ದರು, ಅಷ್ಟೇ.

ಇದೇ ಗಡಿಯೂರಿನಲ್ಲಿ ನಾನು ಮೊದಲು ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಗೇಟಣ್ಣ ಎನ್ನುತ್ತಿದ್ದರು. ತಮಿಳಿನವರಿಗೂ ಅಣ್ಣ, ನಮಗೂ ಅಣ್ಣ, ತೆಲುಗಿನವರಿಗೆ ಚೂರು ನಾಲಿಗೆ ಹೊರಳಿದರೆ ಅನ್ನ. ಲಾರಿಯ ಗೇರು ಚಕ್ರ ತಯಾರಿಸುವ ಆ ಕಾರ್ಖಾನೆಯ ಬಾಗಿಲ ಪಕ್ಕದ ಕೋಣೆಯಲ್ಲಿ, ಎದುರಿಗೊಂದು ದುಂಡು ಸೀಲು ಇಟ್ಟುಕೊಂಡು, ಇಪ್ಪತ್ತೆರಡು ವರ್ಷದಿಂದ ಅವರು ಗೇಟ್ ಪಾಸ್ ಬರೆಯುತ್ತಿದ್ದರು. ಹೊರಗೆ ಹೋಗುವ ಸಾಮಾನು ಯಾವುದೇ ಇರಲಿ, ಲಾರಿ ತುಂಬ ಗೇರಾಗಲಿ, ರಿಪೇರಿಗೆ ಹೊರಟ ಫ್ಯಾನಾಗಲಿ, ಅವರ ಸೀಲು ಬೀಳದೆ ಹೊಸ್ತಿಲು ದಾಟುವಂತಿರಲಿಲ್ಲ. ದಿನಾ ಉದ್ದನಪಲ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಿವೃತ್ತಿಗೆ ಇನ್ನು ಮೂರು ವರ್ಷವಿತ್ತು.

ನಾನು ಆಗಷ್ಟೇ ಕಾಲೇಜು ಮುಗಿಸಿ ಅಲ್ಲಿ ಕಂಪ್ಯೂಟರ್ ವಿಭಾಗಕ್ಕೆ ಸೇರಿದ್ದೆ. ವಿಭಾಗವೆಂದರೆ ನಾನೊಬ್ಬಳೇ. ಮನೆಯ ಬೀರುವಿನಲ್ಲಿ ಚರ್ಚಾಸ್ಪರ್ಧೆಯ ನಾಲ್ಕು ಷೀಲ್ಡುಗಳಿದ್ದವು. 'ಯಂತ್ರಕ್ಕಿಂತ ಮನುಷ್ಯ ಮೇಲು' ಎಂಬ ವಿಷಯದ ಪರವಾಗಿ ಮಾತಾಡಿ ಗೆದ್ದದ್ದೊಂದು, ಮರುವರ್ಷ ಅದೇ ವಿಷಯದ ವಿರೋಧವಾಗಿ ಮಾತಾಡಿ ಗೆದ್ದದ್ದೊಂದು. ಸಾಕ್ಷಿ ತೋರಿಸದೆ ಮಜ್ಜಿಗೆ ಬೆಳ್ಳಗಿದೆ ಎಂದರೂ ನಾನು ಒಪ್ಪುತ್ತಿರಲಿಲ್ಲ. ಬಂದ ತಿಂಗಳಲ್ಲೇ ಒಂದು ಸುಧಾರಣೆಯನ್ನೂ ಮಾಡಿದ್ದೆ. ತಪಾಸಣೆಯವರು ಗೇರುಗಳ ಅಳತೆಯನ್ನು ಚೀಟಿಯಲ್ಲಿ ಬರೆದು, ಆಮೇಲೆ ಗೇಟಿನ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದರು. ಟೈಪಾದ ಕೂಡಲೇ ಚೀಟಿ ಹರಿದು ಬಿಸಾಡಬೇಕು ಎಂದು ನಿಯಮ ತಂದೆ. ಕಾಗದವಿಲ್ಲದ ಕಚೇರಿ ಆಗಿನ ನನ್ನ ಮತಧರ್ಮ. ಗೇಟ್ ಪಾಸ್ ಪುಸ್ತಕ ನನ್ನ ಪಟ್ಟಿಯಲ್ಲಿ ಮುಂದಿನ ಬಲಿ.

ಆ ಅಳತೆಯ ವರದಿ ಅಲ್ಲಿಯವರೆಗೆ ಲಾರಿ ಡ್ರೈವರನ ಕೈಯಲ್ಲೇ ಪುಣೆಯ ಗಿರಾಕಿ ಕಂಪನಿಗೆ ಹೋಗುತ್ತಿತ್ತು. ಎರಡು ದಿನದ ದಾರಿ. ಒಮ್ಮೆ ಅದು ಬೋಂಡಾದ ಎಣ್ಣೆ ಕುಡಿದುಕೊಂಡು ತಲುಪಿತಂತೆ. ಪುಣೆಯವರು ಕಟ್ಟುನಿಟ್ಟಾಗಿ ಹೇಳಿಬಿಟ್ಟರು: ಇನ್ನು ಮೇಲೆ ವರದಿ ಎಫ್‌ಟಿಪಿ ಮೂಲಕ, ಅಂದರೆ ಫೋನ್ ತಂತಿಯಲ್ಲಿ ಫೈಲಾಗಿ, ನಮ್ಮ ಕಂಪ್ಯೂಟರಿಗೆ ಮೊದಲೇ ಬರಬೇಕು, ಬಾರದಿದ್ದರೆ ಲಾರಿ ಇಳಿಸುವುದಿಲ್ಲ. ಲಾರಿ ಯಾವಾಗ ಹೊರಡುತ್ತದೆಂದು ಗೊತ್ತಿರುವುದು ಗೇಟಿಗೆ. ಆದ್ದರಿಂದ ಕಳಿಸುವ ಕೆಲಸ ಗೇಟಣ್ಣನದು, ಕಲಿಸುವ ಕೆಲಸ ನನ್ನದು. ಮ್ಯಾನೇಜರು ಇಬ್ಬರನ್ನೂ ನಿಲ್ಲಿಸಿ ಒಂದು ತಿಂಗಳ ಗಡುವು ಕೊಟ್ಟರು. ಕಲಿಯದಿದ್ದರೆ ಆ ಕುರ್ಚಿಗೆ ಬೇರೆಯವರು, ಗೇಟಣ್ಣ ಹಿಂದಿನ ಸ್ಕ್ರ್ಯಾಪ್ ಯಾರ್ಡಿಗೆ.

"ಮುಡಿಯುಮಾ, ಮುಡಿಯಾದಾ?" ಎಂದು ಕೇಳಿದರು. ಆಗುತ್ತೋ ಇಲ್ಲವೋ, ಹೇಳು.

"ಮುಡಿಯುಂ ಸಾರ್," ಎಂದರು ಗೇಟಣ್ಣ. ಗೇಟಿನ ಕೋಣೆಗೆ ಮರಳಿದ ಮೇಲೆ ಬೋಳು ತಲೆ ಸವರಿಕೊಂಡು, "ಮುಡಿ ಹೋಗಿ ಹತ್ತು ವರ್ಸ ಆಯ್ತು ಅಮ್ಮಣ್ಣಿ, ಈಗ ಬಂದು ಮುಡಿಯುಮಾ ಅಂತಾರೆ," ಎಂದರು. ನಕ್ಕರು. ಆದರೆ ಆ ಕೈ ಸೀಲಿನ ಮೇಲೆ ಹೋಗಿ ಕೂತದ್ದನ್ನು ನಾನು ನೋಡಿದೆ.

ಪಾಠಕ್ಕೆ ಮೂವರು ಕೂತರು. ಗೇಟಣ್ಣ, ತೆಲುಗು ಮನೆಮಾತಿನ ಪ್ಯಾಕಿಂಗ್ ಅಕ್ಕ, ತಮಿಳಿನ ಸೆಕ್ಯುರಿಟಿ. ನಾನು ನಿಂತು, ಗಂಟಲು ಸರಿಮಾಡಿಕೊಂಡು, ಸರ್ವರ್ ಎಂದರೇನು, ಜಾಲ ಎಂದರೇನು ಎಂದು ವ್ಯಾಖ್ಯೆಗಳಿಂದ ಶುರು ಮಾಡಿದೆ. ತೀರ್ಪುಗಾರರಿದ್ದಿದ್ದರೆ ಐದನೇ ಷೀಲ್ಡು ಅಲ್ಲೇ ಸಿಗುತ್ತಿತ್ತು. ಮೋಡೆಮ್ ಕಿರುಚಿದಾಗ ಅಕ್ಕ, ಕೋಳಿ ಹಿಡಿದಹಾಗಿದೆ ಎಂದಳು. ಸೆಕ್ಯುರಿಟಿ ನಿದ್ದೆಗೆ ಜಾರಿದ್ದ. ಗೇಟಣ್ಣ ಮಾತ್ರ ಪರದೆಯನ್ನೇ ನೋಡುತ್ತಿದ್ದರು.

"ಎಡಗಡೆ ಇರೋದು ನಮ್ ಕಂಪ್ಯೂಟ್ರು, ಬಲಗಡೆ ಪೂನಾದ್ದು, ಅಲ್ವಾ? ಅಂದ್ರೆ ಎಡಗಡೆ ನಮ್ ಗೇಟು, ಬಲಗಡೆ ಅವ್ರ ಗೇಟು. ನೀನು ಹೇಳೋ ಯೂಸರ್ ನೇಮು ಲಾರಿ ನಂಬ್ರು. ಪಾಸ್‌ವರ್ಡು ಅಲ್ಲಿ ವಾಚ್‌ಮನ್ ಕಿವೀಲಿ ಹೇಳೋ ಗುಟ್ಟು. ಸರಿ ಇದ್ರೆ ಒಳಕ್ಕೆ, ಇಲ್ದಿದ್ರೆ ವಾಪಸ್ಸು."

"ಅರ್ಥಮಯ್ಯಿಂದಿ!" ಎಂದಳು ಅಕ್ಕ. ಸೆಕ್ಯುರಿಟಿಗೂ ಎಚ್ಚರವಾಗಿ, ತನ್ನ ಕಸುಬಿನ ಮಾತು ಕೇಳಿ ನೆಟ್ಟಗೆ ಕೂತ.

ನನಗೆ ಉರಿಯಿತು. ಉಪಮಾನವು ಪ್ರಮಾಣವಲ್ಲ ಎಂದೆ. ಲಾರಿ ನಂಬರು ಲಾರಿಯದು, ಯೂಸರ್ ನೇಮ್ ಮನುಷ್ಯನದು ಎಂದು ಖಂಡಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಗೇಟಣ್ಣ ಫೈಲನ್ನು ಎಡದಿಂದ ಬಲಕ್ಕೆ ಎಳೆದರು, ಅದು ಹೋಯಿತು. ಅವರ ಹುಬ್ಬು ಮೇಲೇರಿತು.

"ಎಡಗಡೆ ಇನ್ನೂ ಐತಲ್ಲ ಅಮ್ಮಣ್ಣಿ!"

"ಇರುತ್ತೆ ಅಣ್ಣ. ಹೋಗೋದು ನಕಲು."

"ನಕಲಿ ಮಾಲು ಕಳ್ಸಿದ್ರೆ ಪೂನಾದವ್ನು ಸುಮ್ಕಿರ್ತಾನಾ?"

"ನಕಲಿ ಅಲ್ಲ ಅಣ್ಣ, ನಕಲು! ಅಸಲು ಇಲ್ಲೇ ಇರುತ್ತೆ, ಅದರ ಕಾಪಿ ಹೋಗುತ್ತೆ."

"ಅಸಲು ಹೋಗ್ಬೇಕು, ಕಾರ್ಬನ್ನು ಉಳೀಬೇಕು. ಅದು ಪದ್ಧತಿ. ಇಪ್ಪತ್ತೆರಡು ವರ್ಸದಿಂದ ಒಂದ್ಸಲಾನೂ ನಾನು ಕಾರ್ಬನ್ನು ಕಳ್ಸಿ ಅಸಲು ಇಟ್ಕೊಂಡಿಲ್ಲ. ಪಾಸ್ ಬರ್ದ ಮಾಲು ಆಮೇಲೂ ಒಳಗೇ ಸಿಕ್ರೆ ಅದ್ಕೇನಂತಾರೆ ಗೊತ್ತಾ? ಕಳ್ಳತನ."

ಆ ಪ್ರಶ್ನೆಗೆ ನಾನು ಉತ್ತರ ಕೊಡಬೇಕಿತ್ತು. ಕೂತು, ನಿಧಾನವಾಗಿ, ಫೈಲು ಗೇರಿನಂಥ ವಸ್ತುವಲ್ಲ ಎಂದು ತಿಳಿಸಬೇಕಿತ್ತು. ನಾನು ಹೇಳಿದ್ದು ಇಷ್ಟೇ: "ಅದೆಲ್ಲ ನಿಮಗೆ ಬೇಡ ಅಣ್ಣ, ಎಳೆಯೋದು ಕಲಿಯಿರಿ ಸಾಕು." ಸೋಲುವ ವಾದವನ್ನು ವಿಷಯಾಂತರ ಮಾಡಿ ತಪ್ಪಿಸಿಕೊಳ್ಳುವುದು ಸ್ಪರ್ಧೆಯಲ್ಲಿ ನನ್ನ ಕೈಚಳಕವಾಗಿತ್ತು.

ಎಳೆಯುವುದನ್ನು ಅವರು ಎರಡೇ ದಿನದಲ್ಲಿ ಕಲಿತರು. ಮೂರನೆಯ ದಿನ ನೋಡುತ್ತೇನೆ, ಫೈಲಿಗೂ ಗೇಟ್ ಪಾಸ್ ಬರೆಯುತ್ತಿದ್ದಾರೆ! ವಸ್ತು: ಫೈಲು. ಸಂಖ್ಯೆ: ಒಂದು. ತೂಕ: ನಲವತ್ತೆಂಟು ಕೇಬಿ. ಒಯ್ಯುವವರು: ಟೆಲಿಫೋನ್. ಕೆಳಗೆ ದುಂಡು ಸೀಲು. ಮೇಲಿನ ಹಾಳೆಯನ್ನು ಗೆರೆ ತಪ್ಪದಂತೆ ಹರಿದು ಕಸದ ಬುಟ್ಟಿಗೆ ಹಾಕುತ್ತಿದ್ದರು; ಒಯ್ಯುವವನಿಗೆ ಕೈಯೇ ಇಲ್ಲದ ಮೇಲೆ ಅದು ಹೊರಗೆ ಹೋದ ಹಾಗೇ ಲೆಕ್ಕವಂತೆ. ಕಾರ್ಬನ್ ಪ್ರತಿ ಪುಸ್ತಕದಲ್ಲಿ ಉಳಿಯುತ್ತಿತ್ತು.

"ಕೇಬಿ ಅಂದರೆ ಕೇಜಿ ಅಲ್ಲ ಅಣ್ಣ."

"ಗೊತ್ತು ಕಣಮ್ಮಣ್ಣಿ. ಅಷ್ಟು ಭಾರ ಇದ್ದಿದ್ರೆ ಆ ತಂತಿ ತಡ್ಕೊಂತಿತ್ತಾ?"

ನಾನು ಊಟದ ಹೊತ್ತಿನಲ್ಲಿ ಈ ಕಥೆಯನ್ನು ಅಭಿನಯ ಸಮೇತ ಹೇಳಿ ಎಲ್ಲರನ್ನೂ ನಗಿಸಿದೆ. ಅವರೂ ಅಲ್ಲೇ ಕೂತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅವರೇ...

ಗಡುವಿಗೆ ನಾಲ್ಕು ದಿನ ಉಳಿದಿತ್ತು. ಪುಣೆಯಿಂದ ಫೋನು. ಅವರ ಕಂಪ್ಯೂಟರ್ ಕೆಟ್ಟು ಆ ವಾರದ ವರದಿಗಳೆಲ್ಲ ಅಳಿಸಿಹೋಗಿವೆ, ಎರಡು ಲಾರಿ ಬಾಗಿಲಲ್ಲಿ ನಿಂತಿವೆ, ಮತ್ತೆ ಕಳಿಸಿ. ನಾನು ಎದೆಯುಬ್ಬಿಸಿ ಮ್ಯಾನೇಜರಿಗೆ, "ಐದೇ ನಿಮಿಷ ಸಾರ್, ಅಸಲು ನಮ್ಮಲ್ಲೇ ಇದೆ," ಎಂದೆ. ಗೇಟಿಗೆ ಹೋಗಿ ಕಂಪ್ಯೂಟರ್ ತೆರೆದೆ. ಎಡಗಡೆ ಖಾಲಿ.

"ಕಳ್ಸಿದ್ಮೇಲೆ ಅಳ್ಸಿಬಿಡ್ತೀನಲ್ಲ," ಎಂದರು ಗೇಟಣ್ಣ, ಅಂಗಳ ಗುಡಿಸಿದೆ ಎಂಬಷ್ಟು ಸಹಜವಾಗಿ. "ಪಾಸ್ ಆದ ಮಾಲು ಒಳಗಿರಬಾರ್ದು."

ಪರದೆಯ ಮೇಲಿನ ಕಸದ ಬುಟ್ಟಿಯನ್ನು ತೆರೆದೆ. ಅದೂ ಖಾಲಿ. ಬುಟ್ಟಿ ತುಂಬಿದ್ದರೆ ಮ್ಯಾನೇಜರು ಬೈಯುತ್ತಾರೆಂದು ದಿನಾ ಸಂಜೆ ಅದನ್ನೂ ಬರಿದು ಮಾಡುತ್ತಿದ್ದರು. ಅಳತೆಯ ಚೀಟಿಗಳು? ನನ್ನ ನಿಯಮದಂತೆ ಚೂರುಚೂರು. ಗೇರುಗಳಂತೂ ಪುಣೆಯಲ್ಲಿ.

ಮ್ಯಾನೇಜರ ಕೋಣೆಯಲ್ಲಿ ಇಬ್ಬರೂ ನಿಂತೆವು. "ಅಳಿಸಬಾರದು ಅಂತ ನೀನು ಹೇಳಿಕೊಟ್ಟಿರಲಿಲ್ಲವಾ?" ಎಂದು ನನ್ನನ್ನು ಕೇಳಿದರು. ನನ್ನ ಬಾಯಿಂದ ಬಂದದ್ದು, "ಹೇಳಿಕೊಟ್ಟಿದ್ದೆ ಸಾರ್." ಎರಡೇ ಪದ. ನಾಲ್ಕು ಷೀಲ್ಡು ಗೆದ್ದ ಬಾಯಿ.

ಗೇಟಣ್ಣ ನನ್ನ ಕಡೆ ಒಮ್ಮೆ ನೋಡಿದರು. "ಹೌದು ಸಾರ್, ಅಮ್ಮಣ್ಣಿ ಹೇಳಿದ್ಲು. ನಂಗೇ ತಲೆಗೆ ಹತ್ತಲಿಲ್ಲ," ಎಂದರು.

ನಾಳೆಯಿಂದ ಸ್ಕ್ರ್ಯಾಪ್ ಯಾರ್ಡು ಎಂದರು ಮ್ಯಾನೇಜರು. ಗೇಟಣ್ಣ ಸರಿ ಎಂದು ತಲೆಯಾಡಿಸಿ, ಬಾಗಿಲವರೆಗೆ ಹೋಗಿ ತಿರುಗಿ ನಿಂತರು. "ಸಾರ್, ಪೂನಾದವ್ರಿಗೆ ಬೇಕಾಗಿರೋದು ಫೈಲಾ, ಇಲ್ಲಾ ಅದ್ರಲ್ಲಿ ಬರ್ದಿರೋದಾ?"

"ಎರಡೂ ಒಂದೇ ಅಲ್ಲವಾ?" ಎಂದರು ಮ್ಯಾನೇಜರು.

"ಅಂಗಾರೆ ಐತೆ."

ಗೇಟ್ ಪಾಸ್ ಪುಸ್ತಕ ತಂದು ಮೇಜಿನ ಮೇಲೆ ಬಿಚ್ಚಿದರು. ನಾನು ಊಟದ ಹೊತ್ತಿನಲ್ಲಿ ನಗಿಸಲು ಬಳಸಿದ್ದ ಅದೇ ಪುಸ್ತಕ. ತೂಕದ ಕಲಮಿನವರೆಗೆ ಮಾತ್ರ ಓದಿ ನಕ್ಕಿದ್ದೆ. ಕೆಳಗಿದ್ದ 'ವಿವರ' ಎಂಬ ಜಾಗವನ್ನು ನೋಡಿಯೇ ಇರಲಿಲ್ಲ. ಅಲ್ಲಿ, ಮಸುಕು ನೀಲಿಯಲ್ಲಿ, ಪ್ರತಿಯೊಂದು ಫೈಲಿನ ಪ್ರತಿಯೊಂದು ಅಂಕಿಯೂ ಇತ್ತು. ಜಾಗ ಸಾಲದ ಕಡೆ ಮುಂದಿನ ಪಾಸಿಗೂ ಹರಿದಿತ್ತು. ಏನು ಹೊರಗೆ ಹೋಯಿತೆಂದು ವಿವರ ಬರೆಯದೆ ಸೀಲು ಒತ್ತುವುದು ಅವರಿಂದ ಆಗಿರಲಿಲ್ಲ. ಹಾಗಾಗಿ ದಿನಾ ಪರದೆ ನೋಡಿಕೊಂಡು ಕೈಯಲ್ಲಿ ಇಳಿಸಿಕೊಂಡಿದ್ದರು.

ಅವರು ಓದಿದರು, ನಾನು ಟೈಪ್ ಮಾಡಿದೆ. ಅಂಕಿ ಕನ್ನಡದಲ್ಲಿ, ಚುಕ್ಕಿ ತಮಿಳಿನಲ್ಲಿ: "ಇಪ್ಪತ್ನಾಕು ಪುಳ್ಳಿ ಸೊನ್ನೆ ಎರಡು..." ಮಧ್ಯಾಹ್ನದ ಊಟಕ್ಕೆ ಮೊದಲೇ ಲಾರಿಗಳು ಒಳಗೆ ಹೋದವೆಂದು ಪುಣೆಯಿಂದ ಸುದ್ದಿ ಬಂತು. ಮ್ಯಾನೇಜರು ಗೇಟ್ ಪಾಸ್ ಪುಸ್ತಕವನ್ನು ಹಿಂದಕ್ಕೆ ಕೊಡುತ್ತ, "ಕುರ್ಚಿಯಲ್ಲೇ ಇರಪ್ಪಾ, ಆದರೆ ಇನ್ನು ಅಳಿಸಬೇಡ," ಎಂದರು. ಗೇಟಣ್ಣ ತಮ್ಮ ಕೋಣೆಗೆ ಬಂದು ಸೀಲನ್ನು ಅಂಗಿಯ ತುದಿಯಿಂದ ಒರೆಸಿ ಅದರ ಜಾಗದಲ್ಲಿಟ್ಟರು.

ಆಮೇಲೆ ನಾನು ಕೇಳಿದೆ. ಹೇಳಿಕೊಡಲಿಲ್ಲ ಅಂತ ಯಾಕೆ ಹೇಳಲಿಲ್ಲ ಅಣ್ಣ?

"ವಾದ ಮಾಡಾಕೆ ನಂಗೇನು ಷೀಲ್ಡ್ ಕೊಟ್ಟವ್ರಾ?" ಎಂದು ಬುತ್ತಿ ಬಿಚ್ಚಿದರು. ಮುದ್ದೆಯಲ್ಲಿ ಅರ್ಧ ಮುರಿದು ನನ್ನ ಕಡೆ ತಳ್ಳಿದರು.

ಗೇಟ್ ಪಾಸ್ ಪುಸ್ತಕವನ್ನು ನನ್ನ ಬಲಿಯ ಪಟ್ಟಿಯಿಂದ ತೆಗೆದೆ. ಆದರೆ ಯಾವುದು ಅಸಲು, ಯಾವುದು ನಕಲು ಎಂಬ ವಾದ ನಿಲ್ಲಲಿಲ್ಲ. ನಾನು ಅಲ್ಲಿದ್ದ ಎರಡು ವರ್ಷವೂ ವಾರಕ್ಕೊಮ್ಮೆ ನಡೆಯುತ್ತಿತ್ತು. ಅಸಲು ಉಳಿಯುತ್ತದೆ, ನಕಲು ಹೋಗುತ್ತದೆ ಎಂದು ನಾನು. ಅಸಲು ಹೋಗುತ್ತದೆ, ಕಾರ್ಬನ್ ಉಳಿಯುತ್ತದೆ ಎಂದು ಅವರು. ಪ್ಯಾಕಿಂಗ್ ಅಕ್ಕ ತೀರ್ಪುಗಾರ್ತಿ. ಒಂದು ಸಲವೂ ನನಗೆ ಗೆಲುವು ಕೊಡಲಿಲ್ಲ. ಪಕ್ಷಪಾತ ಎಂದು ಈಗಲೂ ಹೇಳುತ್ತೇನೆ. ಮ್ಯಾನೇಜರಿಗೆ ಮಾತ್ರ ನಾನು ಕೊನೆಗೂ ನಿಜ ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಅವರ ಬಾಗಿಲವರೆಗೆ ಹೋಗಿದ್ದೆ... ಆಮೇಲೆ ಬೇರೆ ಕೆಲಸ ಸಿಕ್ಕಿ ಬಿಟ್ಟೆ. ಗೇಟಣ್ಣ ಆ ಕುರ್ಚಿಯಿಂದಲೇ ನಿವೃತ್ತರಾದರಂತೆ.

ಹೋದ ವರ್ಷ ಬಾಗಲೂರು ಬಸ್ಸಿನಲ್ಲಿ ಪ್ಯಾಕಿಂಗ್ ಅಕ್ಕ ಸಿಕ್ಕಳು. ಗೇಟಣ್ಣ ಹೇಗಿದ್ದಾರೆ ಎಂದು ಕೇಳಿದೆ. ಒಂದು ದಿನ ಉದ್ದನಪಲ್ಲಿಗೆ ಹೋಗಿ, ಎರಡು ಪದದ ಆ ಸುಳ್ಳನ್ನು ಅವರೆದುರೇ ವಾಪಸ್ಸು ತೆಗೆದುಕೊಳ್ಳಬೇಕೆಂಬ ಆಸೆ ಒಳಗೆ ಇತ್ತು. ಅಕ್ಕ ನನ್ನ ಕೈ ಹಿಡಿದುಕೊಂಡು, "ಅನ್ನ ಪೋಯ್ನಾಡಮ್ಮಾ," ಎಂದಳು. ಆಗಲೇ ಎಂಟು ತಿಂಗಳಾಗಿತ್ತು. ನಮ್ಮೂರಿನ ಮೂರು ಭಾಷೆಯಲ್ಲೂ ತೀರಿಕೊಂಡವರನ್ನು ಹೋದರು ಎಂದೇ ಅನ್ನುತ್ತೇವೆ. ನಾನು ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು.

ಕೊರಿಯರ್ ಅಂಗಡಿಯವನು ಬರೆದು ಮುಗಿಸಿ, ಮೇಲಿನ ಹಾಳೆಯನ್ನು ಹರಿದು ಪೊಟ್ಟಣಕ್ಕೆ ಅಂಟಿಸಿದ. ಕೆಳಗಿನದನ್ನು ನನ್ನ ಕಡೆ ಚಾಚಿದ. ಅಕ್ಷರ ಮಸುಕಾಗಿತ್ತು, ಓದಲಿಕ್ಕೆ ಕಷ್ಟ. ಮೇಲಿನದನ್ನೇ ನನಗೆ ಕೊಡಬಾರದೇ ಎಂದೆ. ವಾದ ಮಾಡುವ ಚಟ ಇನ್ನೂ ಹೋಗಿಲ್ಲ.

"ಅದೆಂಗಾಯ್ತದೆ ಮೇಡಂ? ಅಸಲು ಮಾಲಿನ ಜತೆ ಹೋಯ್ತದೆ. ನಿಮ್ಗೆ ಕಾರ್ಬನ್ನೇ."

ಆ ಮಸುಕು ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ಬಂದೆ. ಬೆರಳಿಗೆ ಹತ್ತಿದ್ದ ನೀಲಿ ಸಂಜೆಯವರೆಗೂ ಹೋಗಲಿಲ್ಲ.