ಮೊದಲ ಮನೆಯ ಶ್ರೀಕಾರ

ಸೋಮವಾರ ಬೆಳಗಿನ ಆರೂವರೆ ಬಸ್ಸಿಗೆ ಬೆಂಗಳೂರಿನಿಂದ ಹಿರಿಯೂರಿಗೆ ಹೊರಟಾಗ ನನ್ನ ಟ್ರಂಕಿನಲ್ಲಿ ಎರಡು ಸೀರೆ, ಒಂದು ಡಬ್ಬಿ ಅವಲಕ್ಕಿ ಮತ್ತು ನಾಲ್ಕು ತಾಲ್ಲೂಕಿನ ಕುರಿಗಳಿದ್ದವು. ಕುರಿಗಳೆಂದರೆ ಕುರಿ ಎಣಿಕೆಯ ಹಾಳೆಗಳು. ಟ್ರಂಕನ್ನು ಮೇಲೆ ಹಾಕುವಾಗ ಕಂಡಕ್ಟರ್, "ಏನಮ್ಮಾ ಇದು, ಕಲ್ಲು ಹೊತ್ಕೊಂಡು ಹೊರಟಿದ್ದೀರಾ?" ಎಂದು ಗೊಣಗಿದ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಕಚೇರಿಗೆ ಕಂಪ್ಯೂಟರ್ ಬಂದು ಇನ್ನೂ ವರ್ಷವಾಗಿರಲಿಲ್ಲ. ಅದು ಸ್ವಂತ ಬುದ್ಧಿಯಿಂದ ಯೋಚಿಸುವ ಯಂತ್ರವೆಂದು ನಮ್ಮ ಸಾಹೇಬರು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದರು. ಹಾಳೆಯಲ್ಲಿ ಬರೆದ ಅಂಕಿಗಳನ್ನು ಕಾರ್ಡಿನ ಮೇಲೆ ತೂತು ಹೊಡೆದು ಆ ಬುದ್ಧಿವಂತನಿಗೆ ಉಣಿಸುವವರು ಹತ್ತು ಜನ ಹುಡುಗಿಯರು. ಅವರಿಗೆ ನಾನು ಹೆಡ್ಡು. ಹೆಡ್ಡೆಂದರೆ ಸದ್ಯಕ್ಕೆ ಹೆಡ್ಡು, ಕಾಯಂ ಅಲ್ಲ.

ಹಾಳೆಯ ತುಂಬ ಸಣ್ಣ ಸಣ್ಣ ಮನೆಗಳು, ಮನೆಗೊಂದು ಅಂಕಿ. ಮೊದಲ ಮೂರು ಮನೆಯಲ್ಲಿ ತಾಲ್ಲೂಕಿನ ಅಂಕಿ ಬರೆಯಬೇಕು, ಆಮೇಲೆ ವಯಸ್ಸು, ಆಮೇಲೆ ಕುರಿ. ಆದರೆ ಚಿತ್ರದುರ್ಗದ ಕಡೆಯಿಂದ ಬಂದ ಹೆಚ್ಚಿನ ಹಾಳೆಗಳ ಮೊದಲ ಮನೆಯಲ್ಲಿ 'ಶ್ರೀ' ಕೂತಿತ್ತು. ಹಾಗಾಗಿ ಉಳಿದ ಅಂಕಿಗಳೆಲ್ಲ ಒಂದೊಂದು ಮನೆ ಪಕ್ಕಕ್ಕೆ ಸರಿದು, ಕೊನೆಯದು ಅಂಚಿಗೆ ಬಂದು ನಿಂತಿತ್ತು. ಹುಡುಗಿಯರು ಶ್ರೀಯ ಮನೆ ಖಾಲಿ ಬಿಟ್ಟು, ಉಳಿದದ್ದನ್ನು ಕಂಡಂತೆ ಹೊಡೆದರು. ತಾಲ್ಲೂಕಿನ ಅಂಕಿಯ ಬಾಲದ 1 ವಯಸ್ಸಿನ ಮನೆಗೆ ನುಗ್ಗಿದ್ದರಿಂದ, ಯಂತ್ರದಿಂದ ಹೊರಬಂದಾಗ ಅರವತ್ತೆರಡು ವರ್ಷದ ಅಜ್ಜ ಹದಿನಾರರ ಹುಡುಗನಾಗಿದ್ದ, ಅವನ ಎಂಬತ್ತೈದು ಕುರಿ ಇನ್ನೂರ ಎಂಟಾಗಿದ್ದವು.

"ಶನಿವಾರ ಯಂತ್ರದ ಸರದಿ ನಮ್ಮದು," ಎಂದರು ಸಾಹೇಬರು. "ಅಷ್ಟರೊಳಗೆ ಹಾಳೆ ಸರಿಯಾಗದಿದ್ದರೆ ಮೇಲಿನ ಮಹಡಿಯಿಂದ ಒಬ್ಬ ಗಂಡಸನ್ನು ನಿಮ್ಮ ಜಾಗಕ್ಕೆ ತರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ."

ಬೇಜಾರಲ್ಲ, ಮೈ ಉರಿದುಹೋಯಿತು. ನಾನೇ ಹೋಗಿ ಬರುತ್ತೇನೆಂದು ಹಾಳೆಗಳನ್ನು ಟ್ರಂಕಿಗೆ ತುಂಬಿದೆ.

ಜವನಗೊಂಡನಹಳ್ಳಿ ದಾಟಿ ಹಿರಿಯೂರು ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಹಾಳೆ ಬರೆದವರು ರಹಮತ್ ಸಾಬ್ ಎಂಬ ಹಿರಿಯ ಗುಮಾಸ್ತರು. "ಬರ್ರಿ, ಕುಂತ್ಕಳ್ರಿ ಅಮ್ಮಾ," ಎಂದು ಕುರ್ಚಿ ಒರೆಸಿಕೊಟ್ಟು, ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದರು. "ಸಾಹೇಬ್ರು ಎಲ್ಲವ್ರೆ?"

"ನಾನೇ ಬಂದಿದ್ದೇನೆ."

"ಅದು ಸರಿ. ಸಾಹೇಬ್ರು?"

ಅವರ ಹಾಳೆಗಳಲ್ಲಿ ಶ್ರೀ ಇರಲಿಲ್ಲ. ಮೊದಲ ಮೂರು ಮನೆಯಲ್ಲಿ ಮುದ್ದಾಗಿ 786 ಎಂದು ಬರೆದಿದ್ದರು. ಅವರ ಮನೆಯಲ್ಲಿ ಯಾವ ಕಾಗದವೂ ದೇವರ ಹೆಸರಿನ ಆ ಅಂಕಿಯಿಲ್ಲದೆ ಶುರುವಾಗುವುದಿಲ್ಲವಂತೆ. ಯಂತ್ರ ಮಾತ್ರ ಅದನ್ನು ತಾಲ್ಲೂಕಿನ ಅಂಕಿಯೆಂದು ಓದಿ, ರಾಜ್ಯದಲ್ಲೇ ಇಲ್ಲದ ತಾಲ್ಲೂಕೊಂದರಲ್ಲಿ ಕುರಿ ಮೇಯಿಸಿತ್ತು.

"ಅಲ್ಲಿ ನಿಮ್ದು ಇತ್ತಲ್ಲಮ್ಮಾ, ಅದ್ಕೇ ನಾನು ನಮ್ದು ಹಾಕ್ದೆ," ಎಂದರು.

ನನ್ನದು ಏನು, ಎಲ್ಲಿ ಎಂದು ನಾನು ಕೇಳಲೇ ಇಲ್ಲ. ಮುಕ್ಕಾಲು ಗಂಟೆ ಬೋಧನೆ ಮಾಡಿ, ಎಲ್ಲ ಹಾಳೆಯನ್ನೂ ಹೊಸದಾಗಿ ಬರೆಯಿರಿ ಎಂದು ಅವರ ಕಟ್ಟನ್ನು ಅಲ್ಲೇ ಬಿಟ್ಟು ಎದ್ದೆ. ಪಾಪ, ಅವರು ನನ್ನನ್ನು ಬಸ್ ನಿಲ್ದಾಣದವರೆಗೂ ಬಂದು ಕಳಿಸಿ, ಹುರಿದ ಶೇಂಗಾದ ಪೊಟ್ಟಣವೊಂದನ್ನು ಕೈಗಿತ್ತರು.

ಹೊಸದುರ್ಗದ ಬಸ್ಸಿನಲ್ಲಿ ಪಕ್ಕಕ್ಕೆ ಕೂತವಳು ಒಬ್ಬ ಕುರುಬರ ಅಜ್ಜಿ. ಮಡಿಲಲ್ಲಿ ಕುರಿಮರಿ. ಅದು ನನ್ನ ಸೆರಗನ್ನು ಮೆಲ್ಲತೊಡಗಿದ್ದರಿಂದ ಪರಿಚಯ ಬೇಗ ಆಯಿತು. ನನ್ನ ಕೆಲಸ ಕೇಳಿದ್ದೇ ಅಜ್ಜಿ ಗಲ್ಲಕ್ಕೆ ಕೈ ಹಚ್ಚಿದಳು.

"ಯವ್ವಾ! ಕುರಿ ಎಣಿಸ್ತೀರಾ? ದೃಷ್ಟಿ ಆಗ್ತೈತಲ್ಲವ್ವಾ!"

"ನೀವು ಎಣಿಸೋದೇ ಇಲ್ವಾ?"

"ಎಣಿಸ್ತೀವಿ. ಒಂದು ಅಂತ ಮಾತ್ರ ಅನ್ನಾಕಿಲ್ಲ. 'ಲಾಭ' ಅಂತೀವಿ. ಆಮ್ಯಾಕೆ ಎರಡು, ಮೂರು. ಮೊದಲ್ನೇ ಜಾಗ ದೇವ್ರಿಗೆ ಬಿಡ್ಬೇಕವ್ವಾ."

ಮತ್ತೋಡಿನಲ್ಲಿ ಅಜ್ಜಿ ಇಳಿದುಹೋದಳು. ನನ್ನ ಸೆರಗಿನ ಅಂಚೂ ಒಂದಿಷ್ಟು ಹೋಗಿತ್ತು. ದೇವರಿಗೆ ಜಾಗ ಬಿಟ್ಟೇ ನನ್ನ ಜಾಗಕ್ಕೆ ಸಂಚಕಾರ ಬಂದಿದೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮಂಗಳವಾರ ಹೊಸದುರ್ಗದ ಗುಮಾಸ್ತ ತಿಪ್ಪೇಸ್ವಾಮಿಯೂ ನನ್ನ ಬೆನ್ನ ಹಿಂದೆ ಸಾಹೇಬರನ್ನು ಹುಡುಕಿದ. ಅಷ್ಟು ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು. "ಕಣ್ಣು ಮುಚ್ಚಿಕೊಂಡು ಬರೆದಿದ್ದೀರಾ?" ಎಂದು ರೇಗಿದೆ.

"ಇಲ್ರೀ ಮೇಡಂ, ನೋಡೇ ಬರ್ದೀವಿ. ಹೆಂಗೈತೋ ಹಂಗೇ..."

"ಮಾತು ಬೇಡ! ಗುರುವಾರದೊಳಗೆ ಪೂರ್ತಿ ತಿದ್ದಿ ಬರೆಯಿರಿ."

ಅವನು ಹಾಳೆಗಳ ಕಟ್ಟನ್ನು ಎತ್ತಿಕೊಂಡು ಹೊರಗೆ ಹೋದ. ಸಾಹೇಬರು ಬಂದಿದ್ದರೂ ಇಷ್ಟು ಬೈಯುತ್ತಿರಲಿಲ್ಲವೆಂದು ಜವಾನನ ಹತ್ತಿರ ಹೇಳಿಕೊಂಡದ್ದು ನನ್ನ ಕಿವಿಗೂ ಬಿತ್ತು. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಯಿತು. ಬುಧವಾರ ಹೊಳಲ್ಕೆರೆಯಲ್ಲಿ ಅದೇ ಬೈಗುಳವನ್ನು ಇನ್ನೂ ಸರಾಗವಾಗಿ ಒಪ್ಪಿಸಿದೆ. ಸಾಹೇಬರು ಹಿಂದಿನ ಬಸ್ಸಿಗೆ ಬರುತ್ತಾರೇನೋ ಎಂದು ಅಲ್ಲಿ ನನ್ನದರ ಜೊತೆ ಅವರಿಗೂ ಒಂದು ಎಳನೀರು ಕೆತ್ತಿಸಿ ಇಟ್ಟಿದ್ದರು. ಎರಡನ್ನೂ ನಾನೇ ಕುಡಿದೆ.

ಗುರುವಾರ ಚಿತ್ರದುರ್ಗ. ಸೀರೆ ನೆರಿಗೆ ಒಂದು ಕಡೆ, ನಾನು ಒಂದು ಕಡೆ ಹಾರಿಹೋಗುವಂಥ ಗಾಳಿ. ಹಗುರಾದ ಟ್ರಂಕು, ಮಂಡಕ್ಕಿ ಮೆಣಸಿನಕಾಯಿ ತಿಂದ ಹೊಟ್ಟೆ, ಮೂರು ತಾಲ್ಲೂಕು ಗೆದ್ದ ಗತ್ತು. ಕಚೇರಿಯಲ್ಲಿದ್ದವರು ಟೈಪಿಸ್ಟ್ ಗಿರಿಜಮ್ಮ ಒಬ್ಬರೇ. ಅವರು ನನ್ನ ಬೆನ್ನ ಹಿಂದೆ ನೋಡಲಿಲ್ಲ.

"ನೀವೇ ಹೆಡ್ಡಾ? ಚೆನ್ನಾತು ಬಿಡ್ರಿ," ಎಂದು ಬಾಯಿ ತುಂಬ ನಕ್ಕರು.

ಆ ನಗುವಿಗೂ ಮರ್ಯಾದೆ ಕೊಡದೆ ನಾನು ಬೈಗುಳ ಶುರು ಮಾಡಿದೆ. ಗಿರಿಜಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎದ್ದು, ಬೀರುವಿನಿಂದ ಒಂದು ಹಾಳೆ ತಂದು ನನ್ನ ಮುಂದೆ ಇಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ತಮ್ಮ ಊಟದ ಡಬ್ಬಿ ಇಟ್ಟರು.

"ಮಾದರಿ ನೋಡ್ಕಂಡು ಹಂಗೇ ತುಂಬ್ರಿ ಅಂತ ನೀವೇ ಕಳಿಸಿದ್ದು ಅಲ್ಲೇನ್ರೀ ಇದು?"

ಅದು ನಾನೇ ಸ್ಟೆನ್ಸಿಲ್ ಮೇಲೆ ಕೈಯಾರೆ ಬರೆದು, ಪ್ರತಿ ತೆಗೆಸಿ ನಾಲ್ಕೂ ತಾಲ್ಲೂಕಿಗೆ ಕಳಿಸಿದ್ದ ಮಾದರಿ ಹಾಳೆ. ಅದರ ಮೊದಲ ಮನೆಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಶ್ರೀ.

ಅಗಸನ ಬಟ್ಟೆ ಪಟ್ಟಿಯ ಮೇಲೂ ಶ್ರೀ ಬರೆಯುವವಳು ನಾನು. ಕೈ ತನ್ನ ಪಾಡಿಗೆ ಬರೆದುಬಿಟ್ಟಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ರಹಮತ್ ಸಾಬರ 'ನಿಮ್ದು' ಈಗ ಅರ್ಥವಾಯಿತು, ತಿಪ್ಪೇಸ್ವಾಮಿಯ ಅರ್ಧಕ್ಕೆ ನಿಂತ ಮಾತೂ ಅರ್ಥವಾಯಿತು.

"ಬಿಡ್ರಿ, ಯಾರಿಗೂ ಹೇಳಲ್ಲ," ಎಂದರು ಗಿರಿಜಮ್ಮ. "ಈ ಹಾಳೆ ಹರಿದು ಹಾಕಾಣ."

ಆಸೆಯಾಯಿತು. ಹಾಳೆ ಹರಿದರೆ ತಪ್ಪು ತಾಲ್ಲೂಕಿನವರ ತಲೆಗೆ, ಕುರ್ಚಿ ನನಗೆ. ಆದರೆ ಅಷ್ಟು ಜನ ನನ್ನ ಬೈಗುಳ ತಿಂದು, ಎದುರಾಡದೆ, ಶೇಂಗಾ ಎಳನೀರು ಕೊಟ್ಟು ಕಳಿಸಿದ್ದರು. ಜೊತೆಗೆ ಅಜ್ಜಿಯ 'ಲಾಭ' ನೆನಪಾಯಿತು. ಮೊದಲ ಜಾಗ ದೇವರಿಗೆ ಬಿಟ್ಟರೂ ಅವಳ ಕುರಿ ಲೆಕ್ಕ ತಪ್ಪುವುದಿಲ್ಲ. ನಮ್ಮ ಹುಡುಗಿಯರಿಗೆ ಮೊದಲ ಮನೆ ಬಿಟ್ಟು ಎರಡನೆಯದರಿಂದ ಹೊಡೆಯಿರಿ ಎಂದರೆ ಆಯಿತಲ್ಲ! ಹಿರಿಯೂರಿನ ಹಾಳೆಗೆ ಮೂರು ಮನೆ ಬಿಟ್ಟರಾಯಿತು. ಯಾರೂ ಒಂದಕ್ಷರ ತಿದ್ದಬೇಕಾಗಿಲ್ಲ.

ಗಿರಿಜಮ್ಮ ಮೂರು ಊರಿಗೂ ಫೋನ್ ಹಚ್ಚಿಸಿಕೊಟ್ಟರು. ತಪ್ಪು ನನ್ನದು, ಹಳೆಯ ಹಾಳೆಗಳನ್ನೇ ಬಸ್ಸಿಗೆ ಹಾಕಿ ಕಳಿಸಿ ಎಂದು ಕೂಗಿ ಕೂಗಿ ಹೇಳಿದೆ. ಹೊಸದುರ್ಗದ ಕಡೆಯಿಂದ ತಿಪ್ಪೇಸ್ವಾಮಿ, "ಇದ್ನೇ ಸಾಹೇಬ್ರಾಗಿದ್ರೆ ಹೇಳ್ತಿರ್ಲಿಲ್ಲ ಬಿಡ್ರಿ ಮೇಡಂ," ಎಂದ.

ಶುಕ್ರವಾರ ಸಂಜೆ ಬೆಂಗಳೂರಿಗೆ ಬಂದಿಳಿದವಳು ಮನೆಗೂ ಹೋಗದೆ ಸಾಹೇಬರ ಮೇಜಿನ ಮೇಲೆ ಮಾದರಿ ಹಾಳೆ ಇಟ್ಟೆ. "ತಪ್ಪು ಅವರದಲ್ಲ ಸಾರ್, ನನ್ನದು," ಎಂದೆ.

"ಅದಕ್ಕೇ ನಾನು ಮೊದಲೇ ಹೇಳಿದ್ದು," ಎಂದರು ಸಾಹೇಬರು, ಬಹಳ ಸಮಾಧಾನದಿಂದ. "ಇಂಥ ಕೆಲಸಕ್ಕೆ ನಿಗಾ ಬೇಕಮ್ಮಾ. ಈಗಲೇ ಆರ್ಡರ್ ಬರೆದುಬಿಡುತ್ತೇನೆ." ಬಿಳಿ ಹಾಳೆ ಎಳೆದುಕೊಂಡು, ಪೆನ್ನು ಬಿಚ್ಚಿ, ಅದರ ನೆತ್ತಿಯ ಮೇಲೆ ನೀಟಾಗಿ ಮೊದಲು ಬರೆದರು: ಶ್ರೀ.

ನಾನು ಆ ಅಕ್ಷರವನ್ನೇ ನೋಡಿದೆ. ಅವರೂ ನೋಡಿದರು. ಬಾಗಿಲ ಬಳಿ ನಿಂತಿದ್ದ ನನ್ನ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು.

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. "ನಾಳೆ ಎಷ್ಟು ಗಂಟೆಗೆ ಶುರು ಮಾಡುತ್ತೀರಿ, ಹೆಡ್ಡಮ್ಮನವರೇ?"

"ಹತ್ತಕ್ಕೆ ಸಾರ್," ಎಂದೆ. "ಎರಡನೇ ಮನೆಯಿಂದ."