ಮೊಳೆಯ ಗಾಯ

ಬಿರುಕು ಮುಚ್ಚುವುದರಲ್ಲಿ ಆ ಬಡಗಿಯದು ಎತ್ತಿದ ಕೈ. ಮರದ ಹೊಟ್ಟಿಗೆ ಅಂಟು ಕಲಸಿ ಮೆತ್ತಿ, ಉಜ್ಜಿ, ಬಣ್ಣ ಬಳಿದರೆ ಮುಗಿಯಿತು. ಹಿಂದೊಮ್ಮೆ ಅವನೇ ಮಾಡಿ, ಬಿರುಕನ್ನು ಹಾಗೆ ಮುಚ್ಚಿದ್ದ ಏಣಿಯ ಮೆಟ್ಟಿಲು ಮುರಿದು ಅಪ್ಪನ ಸೊಂಟ ಹೋಯಿತು. "ಏಣಿ ಮಾಡಿದ್ದು ನಾನು" ಎಂದು ತಪ್ಪನ್ನು ಮೈಮೇಲೆ ಹಾಕಿಕೊಂಡವನು ತಮ್ಮ. ಅಪ್ಪ ಅವನನ್ನು ಮನೆಯಿಂದ ಅಟ್ಟಿದಾಗಲೂ ಈ ಮಹಾಶಯ ತುಟಿ ಪಿಟಕ್ಕೆನ್ನಲಿಲ್ಲ. ತಮ್ಮ ಪರವೂರಲ್ಲೇ ತೀರಿಕೊಂಡ.

ಮೊನ್ನೆ ಚರ್ಚಿನ ಹಳೆಯ ಶಿಲುಬೆ ರಿಪೇರಿಗೆ ಬಂತು. ಹುಳು ಕೊರೆದ ತೂತುಗಳ ಜೊತೆಗೆ, ರೂಢಿಬಲದಿಂದ, ಅದರ ಮೇಲಿನ ಮರದ ಯೇಸುವಿನ ಅಂಗೈಯ ಮೊಳೆಗಾಯವನ್ನೂ ಮುಚ್ಚಿಬಿಟ್ಟ.

ಪಾದ್ರಿ ನೋಡಿ ನಕ್ಕರು. "ಅದು ಹುಳ ಕೊರೆದಿದ್ದಲ್ಲಪ್ಪಾ. ನಮ್ಮ ಪಾಪಾನ ಅವನು ಹೊತ್ಕೊಂಡ ಗುರುತು. ಮೆತ್ತಿದ್ದನ್ನ ತೆಗೆದುಬಿಡು."

ಬಡಗಿ ಉಳಿ ಹಿಡಿದ. ಹೊಟ್ಟು ಉದುರಿ ಗಾಯ ಬಾಯಿಬಿಟ್ಟಿತು.

"ಏಣಿ ಮಾಡಿದ್ದು ನಾನು," ಎಂದ, ಅಪ್ಪನಿಗೆ ಹೇಳಬೇಕಿದ್ದ ಮಾತನ್ನು, ಮೂವತ್ತು ವರ್ಷ ತಡವಾಗಿ, ಆ ಮರದ ಅಂಗೈಗೆ.